ಹಳೆಯ ಉತ್ತರ ಹೊಸದರ ಮೇಲೆ ಕೂತಾಗ: ತಾನಾಗಿ ರಿಫ್ರೆಶ್ ಆಗುವ ಒಂದು ಪುಟದ ಪ್ರಕರಣ

ಒಂದು ಗೋದಾಮಿನ ಒಳಗಿನ ಕೆಲಸಕ್ಕೆಂದು ಮಾಡಿದ ವೆಬ್ ಪುಟ ಅದು. ಪುಟದ ತುಂಬ ಒಂದು ಉದ್ದನೆಯ ಪಟ್ಟಿ. ಪ್ರತಿ ಸಾಲಿಗೂ ಒಂದು ಆರ್ಡರ್: ಅದರ ನಂಬರು, ಯಾವ ವಿಭಾಗದ್ದು, ಈಗ ಯಾವ ಹಂತದಲ್ಲಿದೆ, ಪಕ್ಕದಲ್ಲಿ ಟಿಪ್ಪಣಿ ಬರೆಯಲು ಸಣ್ಣ ಜಾಗ, ಕೊನೆಯಲ್ಲಿ ‘ಪ್ಯಾಕ್ ಆಯ್ತು’ ಅನ್ನುವ ಬಟನ್. ಮೇಲುಗಡೆ ವಿಭಾಗ ಆರಿಸಿಕೊಳ್ಳುವ ಫಿಲ್ಟರ್. ಪುಟವನ್ನು ಯಾರೂ ಕೈಯಾರೆ ರಿಫ್ರೆಶ್ ಮಾಡಬೇಕಿರಲಿಲ್ಲ. 5 ಸೆಕೆಂಡಿಗೊಮ್ಮೆ ಪುಟ ತಾನೇ ಸರ್ವರ್ ಹತ್ತಿರ ಹೋಗಿ ಹೊಸ ಪಟ್ಟಿ ತಂದು ತೋರಿಸುತ್ತಿತ್ತು.

ಪುಟ ಬಳಸುವವರಿಂದ ಬಂದ ದೂರುಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತಿದ್ದವು. ಬಟನ್ ಒತ್ತಿದರೆ ಸಾಲು ಹಸಿರಾಗುತ್ತೆ, ಎರಡು ಸೆಕೆಂಡಿಗೆ ಮತ್ತೆ ಹಳದಿಯಾಗುತ್ತೆ, ಆಮೇಲೆ ತಾನೇ ಹಸಿರಾಗುತ್ತೆ. ಫಿಲ್ಟರ್‌ನಲ್ಲಿ ಒಂದು ವಿಭಾಗ ಇದ್ದರೆ ಪಟ್ಟಿಯಲ್ಲಿ ಇನ್ನೊಂದು ವಿಭಾಗದ ಆರ್ಡರ್‌ಗಳು ಇರುತ್ತವೆ. ಟಿಪ್ಪಣಿ ಬರೆಯುತ್ತಿರುವಾಗಲೇ ಬರೆದದ್ದು ಮಾಯವಾಗುತ್ತೆ. ಪುಟ ಮಾಡಿದ ತಂಡ ಎಲ್ಲಕ್ಕೂ ಒಂದೇ ಕಾರಣ ಹೇಳುತ್ತಿತ್ತು: ಸರ್ವರ್ ಸ್ವಲ್ಪ ಸ್ಲೋ ಇದೆ.

ಇದನ್ನು ಸಣ್ಣ ವಿಷಯ ಅಂತ ಬಿಡುವ ಹಾಗಿರಲಿಲ್ಲ. ಹಸಿರಾಗಿದ್ದ ಸಾಲು ಹಳದಿಯಾದರೆ ನೋಡಿದವರು ಏನು ಮಾಡುತ್ತಾರೆ? ಇನ್ನೂ ಪ್ಯಾಕ್ ಆಗಿಲ್ಲ ಅಂದುಕೊಂಡು ಇನ್ನೊಂದು ಸಲ ಪ್ಯಾಕ್ ಮಾಡುತ್ತಾರೆ. ಪರದೆಯ ಮೇಲಿನ ಎರಡು ಸೆಕೆಂಡಿನ ಸುಳ್ಳಿಗೆ ಒಬ್ಬರ ದುಡಿಮೆ ದಂಡವಾಗುತ್ತಿತ್ತು.

ಮೊದಲ ಕೋಡ್ ಹೇಗಿತ್ತು

ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದ ಮೂಲ ಕೋಡ್‌ನ ಹುರುಳನ್ನು ಕನ್ನಡದಲ್ಲಿ ಬಿಡಿಸಿ ಬರೆದರೆ ಇಷ್ಟೇ:

    ಪ್ರತಿ 5000 ಮಿಲಿಸೆಕೆಂಡಿಗೆ:
        ಉತ್ತರ = ಅವೇಟ್ ಫೆಚ್(ವಿಳಾಸ + ಈಗಿನ ಸಮಯ)
        ಪಟ್ಟಿ = ಅವೇಟ್ ಉತ್ತರ.ಜೇಸನ್()
        ಪರದೆಗೆ ಬರೆ(ಪಟ್ಟಿ)

ಫೆಚ್ ಅಂದರೆ ಸರ್ವರ್‌ನಿಂದ ತರುವುದು, ಅವೇಟ್ ಅಂದರೆ ಅದು ಬರುವ ತನಕ ಕಾಯುವುದು, ಜೇಸನ್ ಅಂದರೆ ಮಾಹಿತಿ ಬರುವ ಪಠ್ಯರೂಪ. ಓದಲು ಎಷ್ಟು ಸಲೀಸಾಗಿದೆ ನೋಡಿ. ತಾ, ಬಿಡಿಸು, ಬರೆ. ಮೇಲಿನಿಂದ ಕೆಳಗೆ ನೇರವಾಗಿ ಓದಿಸಿಕೊಂಡು ಹೋಗುತ್ತದೆ. 2017ರಲ್ಲಿ ಅಸಿಂಕ್ ಮತ್ತು ಅವೇಟ್ ಜಾವಾಸ್ಕ್ರಿಪ್ಟ್‌ನ ಸ್ಟ್ಯಾಂಡರ್ಡ್‌ಗೆ ಸೇರಿದ ಮೇಲೆ ನಮಗೆಲ್ಲ ಆದ ದೊಡ್ಡ ಉಪಕಾರ ಇದು. ಆದರೆ ಈ ನೇರ ನಡೆಯೇ ಇಲ್ಲಿ ಕಣ್ಣು ತಪ್ಪಿಸಿದೆ. ಅವೇಟ್ ಅಂದ ಕೂಡಲೇ ಆ ಫಂಕ್ಷನ್ ನಿಲ್ಲುತ್ತದೆ, ನಿಜ. ಆದರೆ ಪುಟ ನಿಲ್ಲುವುದಿಲ್ಲ. ಉತ್ತರ ಬರುವ ತನಕ ಬಳಕೆದಾರ ಫಿಲ್ಟರ್ ಬದಲಿಸಬಹುದು, ಬಟನ್ ಒತ್ತಬಹುದು. ಅದೇ ಫಂಕ್ಷನ್ ಇನ್ನೊಂದು ಸಲ ಶುರುವಾಗಲೂಬಹುದು. ಸೆಟ್‌ಇಂಟರ್ವಲ್ ಅನ್ನುವ ಟೈಮರ್‌ಗೆ ಪ್ರಾಮಿಸ್ (ಉತ್ತರ ಆಮೇಲೆ ಕೊಡುತ್ತೇನೆ ಅನ್ನುವ ಮಾತು, ಅವೇಟ್ ಕಾಯುವುದು ಇದಕ್ಕೇ) ಅಂದರೆ ಏನೆಂದೇ ಗೊತ್ತಿಲ್ಲ. ಹಿಂದಿನ ಕೆಲಸ ಮುಗಿಯಿತಾ ಅಂತ ಅದು ನೋಡುವುದಿಲ್ಲ. 5 ಸೆಕೆಂಡ್ ಆಯಿತಾ, ಮತ್ತೆ ಕರೆ. ಅಷ್ಟೇ ಅದರ ಕೆಲಸ.

ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟು, ಸಾಲಿನ ಬಣ್ಣ ಹಿಂದೆ ಹೋಗುವುದನ್ನು ಕಾದೆವು. ಕೊನೆಗೆ ಸಿಕ್ಕಿದ ಒಂದು ಘಟನೆಯನ್ನು ಗಡಿಯಾರ ಹಿಡಿದು ಹೇಳುತ್ತೇನೆ. ಸೊನ್ನೆಯ ಹೊತ್ತಿಗೆ ಮೊದಲ ರಿಕ್ವೆಸ್ಟ್ ಹೊರಟಿತು. ಸರ್ವರ್ ಆ ಕ್ಷಣದ ಪಟ್ಟಿ ಓದಿಕೊಂಡಿತು, ಆದರೆ ಉತ್ತರ ದಾರಿಯಲ್ಲಿ ತಡವಾಯಿತು. 3ನೇ ಸೆಕೆಂಡಿಗೆ ಬಳಕೆದಾರ ‘ಪ್ಯಾಕ್ ಆಯ್ತು’ ಒತ್ತಿದ. 5ನೇ ಸೆಕೆಂಡಿಗೆ ಎರಡನೇ ರಿಕ್ವೆಸ್ಟ್ ಹೋಯಿತು. ಅದಕ್ಕೆ 5.4ಕ್ಕೆಲ್ಲ ಉತ್ತರ ಬಂತು, ಸಾಲು ಹಸಿರು. ಮೊದಲ ರಿಕ್ವೆಸ್ಟಿನ ಉತ್ತರ ಬಂದಿದ್ದು 7.5ಕ್ಕೆ. ಅದರ ಹೊಟ್ಟೆಯಲ್ಲಿದ್ದದ್ದು ಬಟನ್ ಒತ್ತುವ ಮುಂಚಿನ ಪಟ್ಟಿ. ಪುಟ ಅದನ್ನೂ ಅಷ್ಟೇ ನಿಷ್ಠೆಯಿಂದ ಪರದೆಗೆ ಬರೆಯಿತು. ಸಾಲು ಹಳದಿ. 10ನೇ ಸೆಕೆಂಡಿನ ರಿಕ್ವೆಸ್ಟ್ ಬಂದ ಮೇಲೆ ಮತ್ತೆ ಹಸಿರು.

ಸರ್ವರ್ ಯಾವತ್ತೂ ತಪ್ಪು ಹೇಳಲಿಲ್ಲ. ಎರಡೂ ಉತ್ತರ ಅವುಗಳ ಹೊತ್ತಿಗೆ ನಿಜವೇ. ತಪ್ಪಾದದ್ದು ಬ್ರೌಸರ್‌ನಲ್ಲಿ. ಯಾವುದು ಕೊನೆಗೆ ಬಂತೋ ಅದೇ ಹೊಸದು ಅಂತ ಪುಟ ನಂಬಿತ್ತು. ಕಳಿಸಿದ ಕ್ರಮದಲ್ಲೇ ಉತ್ತರಗಳು ಬರುತ್ತವೆ ಅನ್ನುವ ಭರವಸೆಯನ್ನು ನೆಟ್‌ವರ್ಕ್ ಯಾರಿಗೂ ಕೊಟ್ಟಿಲ್ಲ.

ಮೊದಲು ಹೊಳೆದ ಎರಡು ಉಪಾಯ

ಅವಧಿಯನ್ನು 5ರಿಂದ 15 ಸೆಕೆಂಡಿಗೆ ಏರಿಸೋಣ ಅಂತ ಒಂದು ಸಲಹೆ ಬಂತು. ಇದರಿಂದ ತೊಂದರೆ ಕಮ್ಮಿಯಾಗುತ್ತದೆ, ಹೋಗುವುದಿಲ್ಲ. ಕಮ್ಮಿಯಾದ ತೊಂದರೆಯನ್ನು ಹಿಡಿಯುವುದು ಇನ್ನೂ ಕಷ್ಟ. ಅದೂ ಅಲ್ಲದೆ ತಪ್ಪು ಪಟ್ಟಿ ಒಮ್ಮೆ ಪರದೆಗೆ ಬಂದರೆ ಸರಿಹೋಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಆ ಸಲಹೆಯನ್ನು ಅಲ್ಲೇ ಬಿಟ್ಟೆವು.

ಎರಡನೆಯದು ‘ಕೆಲಸ ನಡೀತಿದೆ’ ಅನ್ನುವ ಒಂದು ಫ್ಲ್ಯಾಗ್, ಅಂದರೆ ಹೌದು-ಇಲ್ಲ ಹೇಳುವ ಗುರುತು. ಹಿಂದಿನ ಫೆಚ್ ಮುಗಿಯದಿದ್ದರೆ ಹೊಸದನ್ನು ಶುರು ಮಾಡಬೇಡ. ಇದು ಟೈಮರ್‌ಗೆ ಸಾಕು. ಆದರೆ ಬಳಕೆದಾರ ಫಿಲ್ಟರ್ ಬದಲಿಸಿದಾಗ? ಹಳೆಯ ವಿಭಾಗದ ಫೆಚ್ ಇನ್ನೂ ನಡೆಯುತ್ತಿದೆ ಅಂತ ಹೊಸ ವಿಭಾಗ ಕೇಳಿದವರನ್ನು ಕಾಯಿಸಬೇಕಾಗುತ್ತದೆ. ಕಾಯಿಸಬಾರದು ಅಂತ ಫಿಲ್ಟರ್‌ಗೆ ಮಾತ್ರ ಫ್ಲ್ಯಾಗ್ ದಾಟಿ ಹೋಗಲು ಬಿಟ್ಟರೆ ಮತ್ತೆ ಎರಡು ಫೆಚ್ ಒಟ್ಟಿಗೆ ಓಡುತ್ತವೆ. ಅಲ್ಲಿಗೆ ಶುರುವಿಗೇ ಬಂದ ಹಾಗಾಯ್ತು, ಅಲ್ವಾ?

ಕೇಳಬೇಕಾದ ಪ್ರಶ್ನೆ ‘ಎಷ್ಟು ಸಲ ತರಬೇಕು’ ಅನ್ನುವುದಾಗಿರಲಿಲ್ಲ. ‘ಬಂದ ಉತ್ತರಕ್ಕೆ ಪರದೆ ಮುಟ್ಟುವ ಹಕ್ಕು ಈಗಲೂ ಇದೆಯಾ’ ಅನ್ನುವುದಾಗಿತ್ತು. ಈ ಪ್ರಶ್ನೆ ಕೈಗೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು.

ಟೋಕನ್ ನಂಬರು

ಪುಟದಲ್ಲಿ ಒಂದು ಎಣಿಕೆ ಇಟ್ಟೆವು. ಹೆಸರು ‘ಕೊನೆಯದು’. ಪಟ್ಟಿ ಕೇಳುವಾಗಲೆಲ್ಲ ಅದನ್ನು ಒಂದು ಏರಿಸಿ, ಆ ನಂಬರನ್ನು ಆ ಕರೆ ತನ್ನ ಜೇಬಿನಲ್ಲಿ ಟೋಕನ್ ಥರ ಇಟ್ಟುಕೊಳ್ಳುತ್ತದೆ. ಉತ್ತರ ಬಂದ ಮೇಲೆ, ಪರದೆಗೆ ಬರೆಯುವ ಸ್ವಲ್ಪ ಮುಂಚೆ, ತನ್ನ ನಂಬರೂ ‘ಕೊನೆಯದು’ ಎಣಿಕೆಯಲ್ಲಿ ಈಗಿರುವ ನಂಬರೂ ಒಂದೇನಾ ಅಂತ ನೋಡುತ್ತದೆ. ಒಂದೇ ಆದರೆ ಬರೆ. ಅಲ್ಲದಿದ್ದರೆ ತನ್ನ ನಂತರ ಬೇರೆ ಯಾರೋ ಕೇಳಿದ್ದಾರೆ ಅಂತ ಅರ್ಥ. ಸುಮ್ನೆ ಹೊರಟುಹೋಗು.

ಆ ಪರೀಕ್ಷೆ ಎಲ್ಲಿರಬೇಕು ಅನ್ನುವುದು ಮುಖ್ಯ. ಇಲ್ಲಿ ಎರಡು ಅವೇಟ್ ಇವೆ: ಒಂದು ಫೆಚ್‌ಗೆ, ಇನ್ನೊಂದು ಜೇಸನ್ ಬಿಡಿಸುವುದಕ್ಕೆ. ಫೆಚ್‌ನ ಅವೇಟ್ ಮುಗಿಯುವುದು ಹೆಡರ್‌ಗಳು, ಅಂದರೆ ಉತ್ತರದ ಬಗೆಗಿನ ಮೇಲಿನ ವಿವರಗಳು, ಬಂದಾಗ. ಉತ್ತರದ ಮೈ, ಅಂದರೆ ಪಟ್ಟಿ, ಪೂರ್ತಿ ಬರಲು ಇನ್ನೂ ಹೊತ್ತು ಬೇಕು. ಹಾಗಾಗಿ ಮೊದಲ ಅವೇಟ್ ಆದ ಮೇಲೆ ನೋಡಿ ಸುಮ್ಮನಾದರೆ ಸಾಲದು. ಎರಡನೆಯದೂ ಮುಗಿದ ಮೇಲೆ, ಪರದೆಗೆ ಬರೆಯುವ ಸಾಲಿಗೆ ಅಂಟಿಕೊಂಡೇ ನೋಡಬೇಕು. ಪರೀಕ್ಷೆಗೂ ಬರೆಯುವುದಕ್ಕೂ ನಡುವೆ ಅವೇಟ್ ಇಲ್ಲ ಅಂದರೆ ನಡುವೆ ಯಾರೂ ನುಗ್ಗಲು ಆಗುವುದಿಲ್ಲ. ಪುಟದ ಜಾವಾಸ್ಕ್ರಿಪ್ಟ್ ಒಂದೇ ದಾರದಲ್ಲಿ ಓಡುತ್ತದೆ, ಬೇರೆಯವರಿಗೆ ಸಂದು ಸಿಗುವುದು ಅವೇಟ್ ಇರುವ ಕಡೆ ಮಾತ್ರ.

ನಂಬರಿನ ಜತೆಗೆ, ಕಳಿಸಿದ ಫೆಚ್ ರದ್ದು ಮಾಡುವ ಅಬಾರ್ಟ್‌ಕಂಟ್ರೋಲರ್ ಕೂಡ ಹಾಕಿದೆವು. 2015ರಲ್ಲಿ ಫೆಚ್ ಬ್ರೌಸರ್‌ಗಳಿಗೆ ಬಂದಾಗ ಕಳಿಸಿದ್ದನ್ನು ರದ್ದು ಮಾಡುವ ದಾರಿಯೇ ಇರಲಿಲ್ಲ. ಎರಡು ಮೂರು ವರ್ಷ ಆದ ಮೇಲೆ ಈ ಸೌಲಭ್ಯ ಬಂತು. ಹೊಸ ಫೆಚ್ ಶುರುವಾಗುವ ಮುಂಚೆ ಹಳೆಯದನ್ನು ರದ್ದು ಮಾಡಿದರೆ ಬ್ಯಾಂಡ್‌ವಿಡ್ತ್ ಉಳಿಯುತ್ತದೆ, ಕನೆಕ್ಷನ್ ಖಾಲಿಯಾಗುತ್ತದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಯ 1.1 ಆವೃತ್ತಿಯಲ್ಲಿ ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಒಂದು ಸರ್ವರ್‌ಗೆ ಒಟ್ಟಿಗೆ 6 ಕನೆಕ್ಷನ್‌ಗಿಂತ ಹೆಚ್ಚು ತೆರೆಯುವುದಿಲ್ಲ, ಆದ್ದರಿಂದ ಇದು ಸಣ್ಣ ಲಾಭವೇನಲ್ಲ. ಅಬಾರ್ಟ್ ಇದ್ದರೆ ನಂಬರು ಯಾಕೆ ಅಂತ ತಂಡದಲ್ಲಿ ಒಬ್ಬರು ಕೇಳಿದರು. ನನ್ನ ಪ್ರಕಾರ ಎರಡೂ ಬೇಕು, ಆದರೆ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಂಬರೇ ಇರಲಿ. ಅಬಾರ್ಟ್ ಉಳಿತಾಯಕ್ಕೆ, ನಂಬರು ಸತ್ಯಕ್ಕೆ. ನಾಳೆ ಯಾರಾದರೂ ನಡುವೆ ಇನ್ನೊಂದು ಅವೇಟ್ ಸೇರಿಸಿ ಅದಕ್ಕೆ ಸಿಗ್ನಲ್ (ಕಂಟ್ರೋಲರ್‌ನ ರದ್ದು ಸೂಚನೆ) ಕೊಡುವುದನ್ನು ಮರೆತರೂ ನಂಬರು ಕಾಪಾಡುತ್ತದೆ.

ಅಬಾರ್ಟ್ ಹಾಕಿದ ಕೂಡಲೇ ಹೊಸದೊಂದು ತಂಟೆ ಕಾಣಿಸಿತು. ಫಿಲ್ಟರ್ ಬದಲಿಸಿದಾಗಲೆಲ್ಲ ಮೇಲುಗಡೆ ‘ಸಂಪರ್ಕ ಕಡಿದಿದೆ’ ಅಂತ ಕೆಂಪು ಪಟ್ಟಿ ಮಿಂಚಿ ಮಾಯವಾಗುತ್ತಿತ್ತು. ರದ್ದಾದ ಫೆಚ್ ಸುಮ್ಮನೆ ಸಾಯುವುದಿಲ್ಲ, ಅಬಾರ್ಟ್‌ಎರರ್ ಎಸೆಯುತ್ತದೆ. ದೋಷ ಹಿಡಿಯುವ ಕ್ಯಾಚ್ ಭಾಗ ಅದನ್ನು ನಿಜವಾದ ದೋಷ ಅಂದುಕೊಂಡು ಕೂಗುತ್ತಿತ್ತು. ದೋಷದ ಹೆಸರು ನೋಡಿ ಬಿಡಬಹುದಿತ್ತು. ಆದರೆ ಕ್ಯಾಚ್‌ನಲ್ಲೂ ಅದೇ ನಂಬರು ನೋಡುವುದು ಇನ್ನೂ ಚೆನ್ನ. ನನ್ನ ನಂಬರು ಹಳೆಯದಾಗಿದ್ದರೆ, ನನಗೆ ಏನೇ ಆಗಿರಲಿ, ಬಳಕೆದಾರರಿಗೆ ಅದು ಬೇಕಿಲ್ಲ.

ಬಟನ್ ಒತ್ತಿದ ಮೇಲಿನ ಆ ಹೊತ್ತು

ನಂಬರು ಹಾಕಿದ ಮೇಲೂ ಹಸಿರು ಸಾಲು ಅಪರೂಪಕ್ಕೊಮ್ಮೆ ಹಳದಿಯಾಗುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಜಾಗ ಇದು. ಇಂಥ ಪುಟ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ಬರುವ ಮುಂಚೆಯೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಪಟ್ಟಿ ತರುವ ಫೆಚ್ ಒಂದು ಹೊರಟಿದೆ ಅಂತ ಇಟ್ಟುಕೊಳ್ಳಿ. ಅದರ ನಂಬರು 41. ಸರ್ವರ್ ಪಟ್ಟಿ ಓದಿಕೊಂಡಿತು. ಅಷ್ಟರಲ್ಲಿ ಬಳಕೆದಾರ ಬಟನ್ ಒತ್ತಿದ. ‘ಪ್ಯಾಕ್ ಆಯ್ತು’ ಅನ್ನುವ ಪೋಸ್ಟ್ ರಿಕ್ವೆಸ್ಟ್ (ಬದಲಾವಣೆ ಕಳಿಸುವ ರಿಕ್ವೆಸ್ಟ್) ಹೋಗಿ, ಉತ್ತರವೂ ಬಂದು, ಸಾಲು ಹಸಿರಾಯಿತು. ಆಮೇಲೆ 41ರ ಉತ್ತರ ಬಂತು. ಈಗಲೂ ಕೊನೆಯ ನಂಬರು 41 ಆಗಿಯೇ ಇದೆ, ಯಾಕೆಂದರೆ ಅದರ ನಂತರ ಯಾರೂ ಪಟ್ಟಿ ಕೇಳಿಲ್ಲ. ಪರೀಕ್ಷೆ ಪಾಸಾಯಿತು, ಹಳೆಯ ಪಟ್ಟಿ ಪರದೆಗೆ ಬಂತು. ಓದುವ ರಿಕ್ವೆಸ್ಟ್‌ಗಳ ನಡುವಿನ ಪೈಪೋಟಿಯನ್ನಷ್ಟೇ ನಾವು ತಡೆದಿದ್ದೆವು. ಓದುವುದಕ್ಕೂ ಬರೆಯುವುದಕ್ಕೂ ನಡುವೆ ಪೈಪೋಟಿ ಹಾಗೇ ಉಳಿದಿತ್ತು.

ಹಾಗಾಗಿ ನಿಯಮ ಬದಲಿಸಿದೆವು. ಬದಲಾವಣೆ ಕಳಿಸುವ ಪ್ರತಿ ಕ್ರಿಯೆಯೂ ‘ಕೊನೆಯದು’ ಎಣಿಕೆಯನ್ನು ಏರಿಸಬೇಕು. ಬಟನ್ ಒತ್ತಿದ ಕ್ಷಣವೇ ನಂಬರು 42 ಆಗುತ್ತದೆ, ಟೈಮರ್ ನಿಲ್ಲುತ್ತದೆ, ಓಡುತ್ತಿರುವ ಓದು ರದ್ದಾಗುತ್ತದೆ. ಪೋಸ್ಟ್‌ನ ಉತ್ತರ ಬರುವ ತನಕ ಹೊಸ ಓದು ಶುರುವಾಗುವುದಿಲ್ಲ, ಯಾಕೆಂದರೆ ಆ ನಡುವಿನ ಓದು ಬದಲಾವಣೆಗೆ ಮುಂಚಿನದನ್ನು ಹಿಡಿಯಿತಾ ನಂತರದ್ದನ್ನಾ ಅಂತ ಹೇಳಲು ಆಗುವುದಿಲ್ಲ. ಕೆಲವರು ಮೂರು ನಾಲ್ಕು ಸಾಲುಗಳ ಬಟನ್ ಪಟಪಟ ಒತ್ತುತ್ತಾರೆ. ಅದಕ್ಕೆ ‘ಬಾಕಿ ಇರುವ ಬರಹಗಳು’ ಅಂತ ಇನ್ನೊಂದು ಎಣಿಕೆ. ಅದು ಸೊನ್ನೆಗೆ ಇಳಿದಾಗ ಒಂದು ತಾಜಾ ಓದು. ಇಲ್ಲಿ ಸರ್ವರ್‌ನ ಹಿಂದೆ ಒಂದೇ ಡೇಟಾಬೇಸ್ ಇದ್ದದ್ದರಿಂದ ಇಷ್ಟು ಸಾಕಾಯಿತು. ಓದಲು ಬೇರೆ ನಕಲು ಡೇಟಾಬೇಸ್ ಇದ್ದಿದ್ದರೆ ಆ ನಕಲು ಹಿಂದೆ ಬೀಳುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಇನ್ನೊಂದು ಮಾತು. ಓದುವುದನ್ನು ಎಷ್ಟು ಸಲ ಬೇಕಾದರೂ ಅಬಾರ್ಟ್ ಮಾಡಿ. ಬರೆಯುವುದನ್ನು ಅಬಾರ್ಟ್ ಮಾಡಿ ‘ಆಗಲಿಲ್ಲ’ ಅಂತ ಹೇಳಬೇಡಿ. ಅಬಾರ್ಟ್ ಅಂದರೆ ನಾವು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದೆವು ಅಂತ ಮಾತ್ರ. ಸರ್ವರ್ ಅಷ್ಟರಲ್ಲಿ ಕೆಲಸ ಮುಗಿಸಿರಬಹುದು. ಪೋಸ್ಟ್‌ಗೆ ಉತ್ತರ ಬರದೇ ಹೋದರೆ ಸಾಲಿನ ಮೇಲೆ ‘ಖಚಿತವಿಲ್ಲ’ ಅಂತ ತೋರಿಸಿ, ಪಟ್ಟಿಯನ್ನು ಹೊಸದಾಗಿ ತಂದು, ಆಗಿದೆಯೋ ಇಲ್ಲವೋ ನೋಡಬೇಕು. ನಾವು ಹಾಗೇ ಮಾಡಿದೆವು.

ಸರಪಳಿ ಕಡಿದ ಸದ್ದು ಕೇಳಿಸಲ್ಲ

ಸೆಟ್‌ಇಂಟರ್ವಲ್ ತೆಗೆದು, ಒಂದೇ ಸಲ ಓಡುವ ಟೈಮರ್ ಆದ ಸೆಟ್‌ಟೈಮ್‌ಔಟ್‌ನ ಸರಪಳಿ ಹಾಕಿದ್ದೆವು. ಒಂದು ಫೆಚ್ ಮುಗಿದ ಮೇಲೆ 5 ಸೆಕೆಂಡ್ ಬಿಟ್ಟು ಮುಂದಿನದು. ಒಂದರ ಮೇಲೊಂದು ಬೀಳುವ ಮಾತೇ ಇಲ್ಲ. ಆದರೆ ಸರಪಳಿಗೆ ಅದರದೇ ದೌರ್ಬಲ್ಯ ಇದೆ: ಒಂದು ಕೊಂಡಿ ಕಳಚಿದರೆ ಮುಂದೆ ಏನೂ ಇಲ್ಲ. ಪುಟ ಚೆನ್ನಾಗಿಯೇ ಕಾಣುತ್ತದೆ, ಬಣ್ಣಗಳು ಸರಿಯಾಗಿವೆ, ಎಲ್ಲವೂ ಇದೆ. ಹೊಸದು ಮಾತ್ರ ಬರುತ್ತಿಲ್ಲ.

ಕೊಂಡಿ ಕಳಚಲು ಎರಡು ದಾರಿ ಸಿಕ್ಕವು. ಮೊದಲನೆಯದು ದೋಷ. ಸರ್ವರ್‌ನ ಮುಂದೆ ನಿಂತು ಮಾತು ದಾಟಿಸುವ ಪ್ರಾಕ್ಸಿ ಒಮ್ಮೊಮ್ಮೆ 502 (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ) ಅಂತ ಒಂದು ಎಚ್‌ಟಿಎಮ್‌ಎಲ್ ಪುಟ ಕಳಿಸುತ್ತಿತ್ತು. ಫೆಚ್‌ಗೆ 404 (ಸಿಗಲಿಲ್ಲ) ಆಗಲಿ 500 (ಸರ್ವರ್ ದೋಷ) ಆಗಲಿ ಸೋಲಲ್ಲ. ಉತ್ತರ ಬಂತು ಅಂದರೆ ಅದರ ಪಾಲಿಗೆ ಗೆಲುವೇ. ಪ್ರಾಮಿಸ್ ಮುರಿಯುವುದು ಉತ್ತರವೇ ಬಾರದಿದ್ದಾಗ. ಹಾಗಾಗಿ ಕೋಡ್ ಮುಂದೆ ಹೋಗಿ ಎಚ್‌ಟಿಎಮ್‌ಎಲ್ ಅನ್ನು ಜೇಸನ್ ಅಂತ ಬಿಡಿಸಲು ನೋಡಿ, ದೋಷ ಎಸೆದು, ಮುಂದಿನ ಟೈಮರ್ ಇಡುವ ಸಾಲಿಗೆ ತಲುಪುವ ಮುಂಚೆಯೇ ನಿಂತುಹೋಗುತ್ತಿತ್ತು. ಹಳೆಯ ಸೆಟ್‌ಇಂಟರ್ವಲ್ ಕೋಡ್‌ನಲ್ಲೂ ಇದೇ ದೋಷ ಬರುತ್ತಿತ್ತು. ಆದರೆ ಟೈಮರ್ ಮುಂದಿನ ಸಲ ಹೇಗೂ ಕರೆಯುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಉತ್ತರವೂ ಬರಲ್ಲ, ದೋಷವೂ ಬರಲ್ಲ. ವೈಫೈ ಒಂದರಿಂದ ಇನ್ನೊಂದಕ್ಕೆ ಜಿಗಿದಾಗ ಕನೆಕ್ಷನ್ ಹೀಗೆ ನೇತಾಡುವುದುಂಟು. ಫೆಚ್‌ಗೆ ನಾವು ಹೇಳಿ ಇಡಬಹುದಾದ ಟೈಮ್‌ಔಟ್ ಆಯ್ಕೆ ಇಲ್ಲ. ಅದರ ಹಿಂದಿನ ಎಕ್ಸ್‌ಎಮ್‌ಎಲ್‌ಎಚ್‌ಟಿಟಿಪಿರಿಕ್ವೆಸ್ಟ್‌ಗೆ ಇತ್ತು. ಇಲ್ಲಿ ನಾವೇ 10 ಸೆಕೆಂಡಿನ ಟೈಮರ್ ಇಟ್ಟು, ಮೀರಿದರೆ ಅದೇ ಕಂಟ್ರೋಲರ್‌ನಿಂದ ಅಬಾರ್ಟ್ ಮಾಡಿಸಿದೆವು. ಮೈ ಓದುವ ಹಂತಕ್ಕೂ ಈ ಸಿಗ್ನಲ್ ಅನ್ವಯಿಸುತ್ತದೆ. ಆದ್ದರಿಂದ ಹೆಡರ್ ಬಂದ ಕೂಡಲೇ ಟೈಮರ್ ತೆಗೆಯದೆ, ಜೇಸನ್ ಕೈಗೆ ಬಂದ ಮೇಲೆ ತೆಗೆಯಬೇಕು.

ಕೊನೆಗೆ ನಿಂತ ರೂಪ ಇದು:

    ತಾಜಾಮಾಡು:
        ಬಾಕಿ ಬರಹ ಇದ್ದರೆ ಹೊರಡು
        ಟೈಮರ್ ತೆಗೆ, ಹಿಂದಿನ ಫೆಚ್ ಅಬಾರ್ಟ್ ಮಾಡು
        ಕೊನೆಯದು = ಕೊನೆಯದು + 1
        ನನ್ನದು = ಕೊನೆಯದು
        ಟ್ರೈ:
            ಉತ್ತರ = ಅವೇಟ್ ಫೆಚ್(ವಿಳಾಸ, 10 ಸೆಕೆಂಡಿನ ಸಿಗ್ನಲ್)
            ಉತ್ತರ.ಓಕೆ ಅಲ್ಲದಿದ್ದರೆ ದೋಷ ಎಸೆ
            ಪಟ್ಟಿ = ಅವೇಟ್ ಉತ್ತರ.ಜೇಸನ್()
            ನನ್ನದು ಕೊನೆಯದಲ್ಲದಿದ್ದರೆ ಹೊರಡು
            ಪರದೆಗೆ ಬರೆ(ಪಟ್ಟಿ)
        ಕ್ಯಾಚ್:
            ನನ್ನದು ಕೊನೆಯದಲ್ಲದಿದ್ದರೆ ಹೊರಡು
            ‘ಹಳೆಯ ಮಾಹಿತಿ’ ಅಂತ ತೋರಿಸು
        ಫೈನಲಿ:
            ನನ್ನದೇ ಕೊನೆಯದು, ಪುಟವೂ ಕಾಣುತ್ತಿದೆ ಅಂದರೆ ಮಾತ್ರ
            ಮುಂದಿನ ಟೈಮರ್ ಇಡು

ಗೆದ್ದರೂ ಸೋತರೂ ಕೊನೆಗೆ ಓಡುವ ಫೈನಲಿಯಲ್ಲಿರುವ ಷರತ್ತನ್ನು ದಯವಿಟ್ಟು ಗಮನಿಸಿ. ಅದಿಲ್ಲದಿದ್ದರೆ ಫಿಲ್ಟರ್ ಬದಲಿಸಿದಾಗ ರದ್ದಾದ ಹಳೆಯ ಕರೆಯೂ ಒಂದು ಟೈಮರ್ ಇಡುತ್ತದೆ, ಹೊಸದೂ ಒಂದು ಇಡುತ್ತದೆ. ಈಗ ಎರಡು ಸರಪಳಿ. ಇಂಥ ಪುಟಗಳಲ್ಲಿ ಹೊತ್ತು ಹೋದಂತೆ ರಿಕ್ವೆಸ್ಟ್‌ಗಳು ಜಾಸ್ತಿಯಾಗುತ್ತಾ ಹೋಗಲು ಇದೂ ಒಂದು ಕಾರಣ. ಹೊರಡು ಅಂದ ಮೇಲೂ ಫೈನಲಿ ಓಡುತ್ತದೆ ಅನ್ನುವುದನ್ನು ಮರೆಯುವುದು ಬಹಳ ಸುಲಭ.

ಸೋತಾಗ ಮುಂದಿನ ಪ್ರಯತ್ನ 5 ಸೆಕೆಂಡಿಗೇ ಬೇಡ. 10, 20, 40 ಅಂತ ದುಪ್ಪಟ್ಟಾಗುತ್ತಾ 60ಕ್ಕೆ ನಿಲ್ಲುತ್ತದೆ. ಪ್ರತಿಯೊಂದಕ್ಕೂ ಚೂರು ಹೆಚ್ಚುಕಮ್ಮಿ ಸೇರಿಸುತ್ತೇವೆ. ಇಲ್ಲದಿದ್ದರೆ ಬಿದ್ದ ಸರ್ವರ್ ಎದ್ದ ಕೂಡಲೇ ಎಲ್ಲ ಪರದೆಗಳೂ ಒಂದೇ ಕ್ಷಣಕ್ಕೆ ಅದರ ಮೇಲೆ ಮುಗಿಬೀಳುತ್ತವೆ. 429 (ತುಂಬ ಸಲ ಕೇಳಿದಿರಿ) ಅಥವಾ 503 (ಸೇವೆ ಸದ್ಯಕ್ಕಿಲ್ಲ) ಜತೆ, ಇಷ್ಟು ಹೊತ್ತು ಬಿಟ್ಟು ಬಾ ಅನ್ನುವ ರಿಟ್ರೈ-ಆಫ್ಟರ್ ಹೆಡರ್ ಬಂದರೆ ಅದರ ಮಾತೇ ಅಂತಿಮ.

ವಿಳಾಸದ ಬಾಲಕ್ಕೆ ಸಮಯ

ಮೊದಲ ಕೋಡ್‌ನಲ್ಲಿ ವಿಳಾಸದ ಕೊನೆಗೆ ಈಗಿನ ಸಮಯ ಸೇರಿಸಿದ್ದರು. ಕ್ಯಾಶ್‌ನಿಂದ, ಅಂದರೆ ಬ್ರೌಸರ್ ತನ್ನಲ್ಲಿ ಎತ್ತಿಟ್ಟುಕೊಂಡ ಪ್ರತಿಯಿಂದ, ಹಳೆಯದು ಬರಬಾರದು ಅಂತ ಮಾಡಿದ ಉಪಾಯ. ಅದಕ್ಕೆ ಕಾರಣವೂ ಇತ್ತು. ಸರ್ವರ್ ಲಾಸ್ಟ್-ಮಾಡಿಫೈಡ್ (ಕೊನೆಗೆ ಯಾವಾಗ ಬದಲಾಯಿತು) ಹೆಡರ್ ಕಳಿಸುತ್ತಿತ್ತು, ಕ್ಯಾಶ್-ಕಂಟ್ರೋಲ್ (ಪ್ರತಿಯನ್ನು ಹೇಗೆ ಬಳಸಬೇಕು) ಕಳಿಸುತ್ತಿರಲಿಲ್ಲ. ಹೀಗಿದ್ದಾಗ ಬ್ರೌಸರ್ ತಾನೇ ಅಂದಾಜು ಮಾಡಬಹುದು ಅಂತ ಎಚ್‌ಟಿಟಿಪಿ ನಿಯಮ ಹೇಳುತ್ತದೆ. ಕೊನೆಯ ಬದಲಾವಣೆಯಾಗಿ ಎಷ್ಟು ಹೊತ್ತಾಗಿದೆಯೋ ಅದರ ಶೇ 10ರಷ್ಟು ಹೊತ್ತು ತಾಜಾ ಅಂತ ಹಿಡಿಯುವುದು ರೂಢಿ. ಪಟ್ಟಿ ಬದಲಾಗಿ 10 ಗಂಟೆ ಆಗಿದ್ದರೆ, ಮುಂದಿನ 1 ಗಂಟೆ ಬ್ರೌಸರ್ ಸರ್ವರ್ ಕಡೆ ತಿರುಗಿಯೂ ನೋಡದೆ ಹಳೆಯದನ್ನೇ ಕೊಡಬಹುದು.

ಸಮಯ ಸೇರಿಸುವ ಉಪಾಯ ಕೆಲಸ ಮಾಡುತ್ತದೆ, ಆದರೆ ದುಬಾರಿ. ಪ್ರತಿ ಸಲ ವಿಳಾಸವೇ ಹೊಸದು, ಹಾಗಾಗಿ ಏನೂ ಬದಲಾಗಿರದಿದ್ದರೂ ಇಡೀ ಪಟ್ಟಿ ಮತ್ತೆ ಇಳಿಯುತ್ತದೆ. ಅದನ್ನು ಕಿತ್ತು, ಸರ್ವರ್ ಕಡೆಯಿಂದ ಕ್ಯಾಶ್-ಕಂಟ್ರೋಲ್‌ನಲ್ಲಿ ನೋ-ಕ್ಯಾಶ್ ಮತ್ತು ಜತೆಗೆ ಈಟ್ಯಾಗ್ (ಪಟ್ಟಿಯ ಆವೃತ್ತಿ ಗುರುತು) ಕಳಿಸಿದೆವು. ನೋ-ಕ್ಯಾಶ್ ಅಂದರೆ ಇಟ್ಟುಕೊಳ್ಳಬೇಡ ಅಂತ ಅಲ್ಲ. ಇಟ್ಟುಕೋ, ಕೊಡುವ ಮುಂಚೆ ನನ್ನನ್ನು ಕೇಳು ಅಂತ. ಇಟ್ಟುಕೊಳ್ಳಲೇಬೇಡ ಅನ್ನುವುದು ನೋ-ಸ್ಟೋರ್. ಈಗ ಪಟ್ಟಿ ಬದಲಾಗಿಲ್ಲ ಅಂದರೆ ಸರ್ವರ್ 304 ಅಂತ ಖಾಲಿ ಉತ್ತರ ಕೊಡುತ್ತದೆ, ಬ್ರೌಸರ್ ತನ್ನಲ್ಲಿರುವ ಪ್ರತಿಯನ್ನೇ ಕೋಡ್‌ಗೆ 200 (ಎಲ್ಲ ಸರಿ) ಅಂತ ಒಪ್ಪಿಸುತ್ತದೆ. ವಿಳಾಸದ ಸಮಯ ಕಿತ್ತದ್ದು ಬಿಟ್ಟರೆ ಪುಟದ ಕಡೆ ಒಂದು ಸಾಲೂ ಬದಲಿಸಬೇಕಾಗಲಿಲ್ಲ.

ಯಾರೂ ನೋಡದ ಟ್ಯಾಬ್

ಬಳಕೆದಾರ ಬೇರೆ ಟ್ಯಾಬ್‌ಗೆ ಹೋಗಿ ಈ ಪುಟ ಮರೆಯಾದಾಗ ಬ್ರೌಸರ್ ಟೈಮರ್‌ಗಳನ್ನು ನಿಧಾನ ಮಾಡುತ್ತದೆ. 2021ರ ಜನವರಿಯಲ್ಲಿ ಬಂದ ಕ್ರೋಮ್ 88ರಿಂದ, 5 ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿದ್ದ ಪುಟದ ಇಂಥ ಸರಪಳಿ ಟೈಮರ್‌ಗಳು ನಿಮಿಷಕ್ಕೆ ಒಮ್ಮೆ ಮಾತ್ರ ಓಡಬಹುದು. ಅಂದರೆ ಬಳಕೆದಾರ ಆ ಟ್ಯಾಬ್‌ಗೆ ವಾಪಸ್ ಬಂದ ಕೂಡಲೇ ಕಾಣುವುದು ಒಂದು ನಿಮಿಷದಷ್ಟು ಹಳೆಯದಾಗಿರಬಹುದು. ಇದಕ್ಕೆ ಸರಿಯಾದ ದಾರಿ ಬ್ರೌಸರ್ ಜತೆ ಗುದ್ದಾಡುವುದಲ್ಲ. ಪುಟ ಮರೆಯಾದಾಗ ಟೈಮರ್ ನಿಲ್ಲಿಸಿ, ವಿಸಿಬಿಲಿಟಿಚೇಂಜ್ ಇವೆಂಟ್ ಬಂದು ಪುಟ ಮತ್ತೆ ಕಂಡ ಕ್ಷಣ ‘ತಾಜಾಮಾಡು’ ಕರೆದರೆ ಆಯ್ತು. ನೆಟ್‌ವರ್ಕ್ ವಾಪಸ್ ಬಂದಾಗ ಸಿಗುವ ಆನ್‌ಲೈನ್ ಇವೆಂಟ್‌ಗೂ ಇದೇ ಕರೆ.

ಪರದೆಗೆ ಬರೆಯುವುದು

ಟಿಪ್ಪಣಿ ಮಾಯವಾಗುವ ದೂರಿಗೂ ನೆಟ್‌ವರ್ಕಿಗೂ ಸಂಬಂಧವೇ ಇರಲಿಲ್ಲ. ಪ್ರತಿ ಸಲ ಇಡೀ ಪಟ್ಟಿಯ ಇನ್ನರ್‌ಎಚ್‌ಟಿಎಮ್‌ಎಲ್, ಅಂದರೆ ಅದರೊಳಗಿನ ಎಲ್ಲವನ್ನೂ, ಹೊಸದಾಗಿ ಬರೆಯುತ್ತಿದ್ದರು. ಹಾಗೆ ಮಾಡಿದಾಗ ಹಳೆಯ ಇನ್‌ಪುಟ್ ಪೆಟ್ಟಿಗೆ ಹೋಗಿ ಹೊಸದು ಬರುತ್ತದೆ. ಅದರೊಳಗೆ ಟೈಪ್ ಮಾಡಿದ್ದು, ಕರ್ಸರ್ ಇದ್ದ ಜಾಗ, ಆರಿಸಿಕೊಂಡ ಪಠ್ಯ ಎಲ್ಲ ಹೋದಂತೆ. ಸಾಲುಗಳನ್ನು ಆರ್ಡರ್ ನಂಬರಿನಿಂದ ಗುರುತಿಸಿ, ಬದಲಾದ ಸಾಲಿನ ಬದಲಾದ ಭಾಗವನ್ನಷ್ಟೇ ಮುಟ್ಟುವ ಹಾಗೆ ತಿದ್ದಿದೆವು. ಈಗ ಯಾರಾದರೂ ಬರೆಯುತ್ತಿರುವ ಪೆಟ್ಟಿಗೆಯನ್ನು ರಿಫ್ರೆಶ್ ಮುಟ್ಟುವುದೇ ಇಲ್ಲ.

ಇದಕ್ಕಿಂತ ಅಪಾಯದ ವಿಷಯ ಸಾಲುಗಳು ಜಾಗ ಬದಲಿಸುವುದು. ಬೆರಳು ಒಂದು ಬಟನ್ ಮೇಲೆ ಇಳಿಯುತ್ತಿದೆ, ಅಷ್ಟರಲ್ಲಿ ಮೇಲೆ ಒಂದು ಹೊಸ ಆರ್ಡರ್ ಸೇರಿ ಎಲ್ಲವೂ ಒಂದು ಸಾಲು ಕೆಳಗೆ ಸರಿಯಿತು. ಒತ್ತಿದ್ದು ಬೇರೆ ಆರ್ಡರ್‌ನ ಬಟನ್ ಆಯಿತು. ಡೇಟಾ ಎಷ್ಟೇ ತಾಜಾ ಇದ್ದರೂ ಇದು ತಪ್ಪೇ. ಹಾಗಾಗಿ ಹೊಸ ಆರ್ಡರ್‌ಗಳನ್ನು ತಾನಾಗಿ ಮೇಲೆ ತುರುಕುವುದನ್ನು ಬಿಟ್ಟು, ‘ಹೊಸದು 3 ಇವೆ’ ಅಂತ ಒಂದು ಸಣ್ಣ ಬಟನ್ ತೋರಿಸಿದೆವು. ಒತ್ತಿದಾಗ ಮಾತ್ರ ಪಟ್ಟಿಗೆ ಸೇರುತ್ತವೆ. ಈ ಸಂಖ್ಯೆ ಇರುವ ಜಾಗಕ್ಕೆ ಏರಿಯಾ-ಲೈವ್ (ಬದಲಾವಣೆಯನ್ನು ಓದಿ ಹೇಳು ಅನ್ನುವ) ಗುಣವನ್ನು ಪೊಲೈಟ್ (ನಡುವೆ ಬಾಯಿ ಹಾಕಬೇಡ) ಅಂತ ಕೊಟ್ಟಿದ್ದರಿಂದ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಓದು ಕಡಿಯದೆ ಸುದ್ದಿ ತಲುಪುತ್ತದೆ. ಇಡೀ ಪಟ್ಟಿಗೆ ಆ ಗುಣ ಕೊಟ್ಟರೆ ರಿಫ್ರೆಶ್ ಆದಾಗಲೆಲ್ಲ ಗಲಾಟೆ, ಅದು ಬೇಡವೇ ಬೇಡ.

ಫೆಚ್ ಸೋತಾಗ ಪಟ್ಟಿ ಅಳಿಸಿ ‘ದೋಷ’ ಅಂತ ತೋರಿಸುವ ಅಭ್ಯಾಸವನ್ನೂ ಬಿಡಿಸಿದೆವು. 20 ಸೆಕೆಂಡ್ ಹಳೆಯ ಪಟ್ಟಿ ಖಾಲಿ ಪರದೆಗಿಂತ ಎಷ್ಟೋ ವಾಸಿ. ಹಳೆಯದು ಅಂತ ಪುಟ ಒಪ್ಪಿಕೊಂಡರೆ ಸಾಕು. ಪಟ್ಟಿಯ ಮೇಲೆ ಕೊನೆಯ ಸಲ ಯಾವಾಗ ಸರಿಯಾಗಿ ಬಂತು ಅನ್ನುವ ಸಮಯ ಯಾವಾಗಲೂ ಇರುತ್ತದೆ. 30 ಸೆಕೆಂಡ್ ಮೀರಿದರೆ ಅದರ ಬಣ್ಣ ಬದಲಾಗುತ್ತದೆ. ಸರಪಳಿ ಎಲ್ಲಾದರೂ ಮತ್ತೆ ಕಡಿದರೂ ಬಳಕೆದಾರರಿಗೆ ಇದರಿಂದ ಗೊತ್ತಾಗುತ್ತದೆ. ಆ ಬಣ್ಣ ಬದಲಿಸುವ ಟೈಮರ್ ಬೇರೆಯೇ, ಫೆಚ್ ಸರಪಳಿಗೆ ಕಟ್ಟಿದ್ದಲ್ಲ.

ವೆಬ್‌ಸಾಕೆಟ್ ಯಾಕೆ ಬೇಡ ಅಂದೆವು

ವೆಬ್‌ಸಾಕೆಟ್ ಅಂದರೆ ಸರ್ವರ್ ತಾನೇ ಸುದ್ದಿ ಕಳಿಸಲು ಆಗುವ ಹಾಗೆ ಸದಾ ತೆರೆದಿಡುವ ಕನೆಕ್ಷನ್. 5 ಸೆಕೆಂಡಿನ ತಡ ಈ ಕೆಲಸಕ್ಕೆ ಜಾಸ್ತಿಯಾಯಿತು ಅಂತ ಯಾರೂ ಹೇಳಿರಲಿಲ್ಲ, ಅದು ಬೇಡ ಅನ್ನಲು ಅದೇ ಮೊದಲ ಕಾರಣ. ವೆಬ್‌ಸಾಕೆಟ್ ಕಡಿದರೆ ಮತ್ತೆ ಕೂಡಿಸುವುದನ್ನು ನಾವೇ ಬರೆಯಬೇಕು. ಸರ್ವರ್‌ನಿಂದ ಪುಟದ ಕಡೆಗೆ ಮಾತ್ರ ಸುದ್ದಿ ತರುವ ಇವೆಂಟ್‌ಸೋರ್ಸ್ ತಾನೇ ಕೂಡಿಕೊಳ್ಳುತ್ತದೆ, ಆದರೆ ಎಚ್‌ಟಿಟಿಪಿ 1.1ರಲ್ಲಿ ಆ 6 ಕನೆಕ್ಷನ್‌ಗಳಲ್ಲಿ ಪ್ರತಿ ಟ್ಯಾಬ್‌ಗೂ ಒಂದನ್ನು ಹಿಡಿದುಕೊಂಡೇ ಇರುತ್ತದೆ. ಅಲ್ಲದೆ ಕ್ರಮ ತಪ್ಪುವ ತೊಂದರೆ ಅಲ್ಲೂ ಇದೆ. ಮೊದಲ ಪಟ್ಟಿ ಫೆಚ್‌ನಿಂದ, ನಂತರದ ಬದಲಾವಣೆಗಳು ಸಾಕೆಟ್‌ನಿಂದ ಅಂದರೆ ಅವೆರಡರಲ್ಲಿ ಯಾವುದು ಮೊದಲು ಮುಟ್ಟುತ್ತದೆ ಅಂತ ಹೇಳಲಾಗದು.

ಪರೀಕ್ಷೆ

ಡೆವಲಪರ್ ಟೂಲ್ಸ್‌ನಲ್ಲಿ ‘ಸ್ಲೋ 3ಜಿ’ ಹಾಕಿ ನೋಡಿದೆವು, ಏನೂ ಆಗಲಿಲ್ಲ ಅಂತ ತಂಡದವರು ಮುಂಚೆ ಹೇಳಿದ್ದರು. ಅದು ಸಹಜ. ಆ ಆಯ್ಕೆ ಎಲ್ಲ ರಿಕ್ವೆಸ್ಟ್‌ಗಳನ್ನೂ ಸರಿಸುಮಾರು ಒಂದೇ ಅಳತೆಯಲ್ಲಿ ನಿಧಾನ ಮಾಡುತ್ತದೆ, ಕ್ರಮ ತಪ್ಪುವುದಿಲ್ಲ. ಬೇಕಾದದ್ದು ನಿಧಾನವಲ್ಲ, ಏರುಪೇರು. ಪರೀಕ್ಷೆಯ ಸರ್ವರ್‌ನಲ್ಲಿ ಒಂದು ಬಿಟ್ಟು ಒಂದು ರಿಕ್ವೆಸ್ಟ್‌ಗೆ 8 ಸೆಕೆಂಡ್ ತಡೆ ಹಾಕಿದೆವು. ಪಟ್ಟಿಯನ್ನು ಮೊದಲೇ ಓದಿಕೊಂಡು, ಆಮೇಲೆ ಕಾದು ಕಳಿಸುವ ಹಾಗೆ. ಕಾದ ಮೇಲೆ ಓದಿದರೆ ಅದು ತಾಜಾ ಪಟ್ಟಿಯೇ ಆಗಿಬಿಡುತ್ತದೆ. ಹಳೆಯ ಕೋಡ್ ಓಡಿಸಿದರೆ ಬಣ್ಣಗಳು ಹಿಂದಕ್ಕೂ ಮುಂದಕ್ಕೂ ಹೊಯ್ದಾಡಿದವು. ಹೊಸ ಕೋಡ್‌ನಲ್ಲಿ ಒತ್ತಿದ ಸಾಲು ಹಸಿರಾಗಿಯೇ ನಿಂತಿತು. ಉತ್ತರವನ್ನೇ ಕೊಡದೆ ನೇತಾಡಿಸುವುದು, 502 ಕಳಿಸುವುದು, ತಡೆಯ ನಡುವೆ ಫಿಲ್ಟರ್ ಬದಲಿಸುವುದು, ಇವನ್ನೂ ಅದೇ ಸರ್ವರ್‌ಗೆ ಸೇರಿಸಿ ಪ್ರತಿ ಬಿಡುಗಡೆಗೆ ಮುಂಚೆ ಓಡಿಸುತ್ತಾರೆ.

ಬ್ರೌಸರ್ ಕಡೆಯಿಂದ ಪೂರ್ತಿ ಸರಿ ಮಾಡಲಾಗದ್ದು ಒಂದು ಉಳಿದಿತ್ತು. ಇಬ್ಬರು ಬೇರೆ ಬೇರೆ ಪರದೆಗಳಲ್ಲಿ ಒಂದೇ ಆರ್ಡರ್‌ನ ಬಟನ್ ಒತ್ತಿದರೆ? ನಡುವೆ ಇರುವ 5 ಸೆಕೆಂಡಿನಲ್ಲಿ ಒಬ್ಬರಿಗೆ ಇನ್ನೊಬ್ಬರ ಕೆಲಸ ಕಾಣುವುದಿಲ್ಲ. ಇದಕ್ಕೆ ಪ್ರತಿ ಸಾಲಿಗೂ ಒಂದು ಆವೃತ್ತಿ ಗುರುತು ಇಟ್ಟು, ಬರೆಯುವ ರಿಕ್ವೆಸ್ಟ್ ಜತೆ ಅದನ್ನು ಇಫ್-ಮ್ಯಾಚ್ ಹೆಡರ್‌ನಲ್ಲಿ ಕಳಿಸುತ್ತೇವೆ. ಸರ್ವರ್‌ನಲ್ಲಿರುವ ಗುರುತು ಬೇರೆ ಆಗಿದ್ದರೆ ಅದು 412 ಅಂತ ಹೇಳಿ ಬದಲಾವಣೆಯನ್ನು ನಿರಾಕರಿಸುತ್ತದೆ. ಆಗ ಪುಟ ಪಟ್ಟಿಯನ್ನು ಹೊಸದಾಗಿ ತಂದು, ಆ ಸಾಲಿನ ಪಕ್ಕದಲ್ಲೇ ‘ಇದನ್ನು ಈಗಾಗಲೇ ಬೇರೆಯವರು ಪ್ಯಾಕ್ ಮಾಡಿದ್ದಾರೆ’ ಅಂತ ತಿಳಿಸುತ್ತದೆ.